ಮೂರು ಸಲ ಕೊಯ್ಯುತ್ತಿದ್ದ ಕರುಳು

ಕರುಳಿನ ಆಪರೇಷನ್ ಅಂದಕೂಡಲೇ ನಮ್ಮ ಮಂದಿ ಮೊದಲು ಕೇಳುವುದು, "ಹೊಟ್ಟಿಗೆ ಚೀಲ ಕಟ್ತಾರೇನ್ರಿ?" ಎಂದು. ಡೈವರ್ಟಿಕ್ಯುಲೈಟಿಸ್ ಎಂಬ ಬೇನೆಯಲ್ಲಿ ಈ ಅಂಜಿಕೆಗೆ ಹಳೆಯ ಕಾರಣವುಂಟು.

ವಯಸ್ಸಾದಂತೆ ದೊಡ್ಡ ಕರುಳಿನ ಗೋಡೆ ಅಲ್ಲಲ್ಲಿ ಹೊರಕ್ಕೆ ಉಬ್ಬಿ ಕಡಲೆಕಾಳಿನಷ್ಟು ಗುಳ್ಳೆಗಳಾಗುತ್ತವೆ. ಸುಮ್ಮನಿದ್ದರೆ ಅವುಗಳಿಂದ ತ್ರಾಸಿಲ್ಲ. ಬಾತುಕೊಂಡರೆ ಹೊಟ್ಟೆನೋವು, ಜ್ವರ. ನೋವು ಹೆಚ್ಚಾಗಿ ಎಡ ಕಿಬ್ಬೊಟ್ಟೆಯಲ್ಲಿ. ಬಲಗಡೆ ಬಂದರೆ ಅಪೆಂಡಿಕ್ಸ್ ಎಂದೇ ತಿಳಿಯುವುದೂ ಉಂಟು.

1907ರಲ್ಲಿ ಅಮೆರಿಕದ ಮೇಯೊ ಮತ್ತು ಸಂಗಡಿಗರು ಈ ಬೇನೆಗೆ ಮಾಡಿದ ಆಪರೇಷನ್ನುಗಳ ವರದಿ ಪ್ರಕಟಿಸಿದರು. ಆಗ ಪೆನಿಸಿಲಿನ್ ಇರಲಿಲ್ಲ. ಮುಂದೆ ದಶಕಗಳ ಕಾಲ ನಡೆದದ್ದು ಮೂರು ಕಂತಿನ ಪದ್ಧತಿ. ಒಡೆದ ಕಾಲುವೆಯ ನೀರನ್ನು ಬೇರೆ ಕಡೆ ತಿರುವಿದ ಹಾಗೆ, ಮೊದಲು ಕರುಳಿಗೆ ಹೊಟ್ಟೆಯ ಮೇಲೆ ಬಾಯಿ ಮಾಡಿ ಕೀವು ಇಳಿಸುವುದು. ತಿಂಗಳುಗಳಾದ ಮೇಲೆ ಕೆಟ್ಟ ತುಂಡು ತೆಗೆದು ಜೋಡಿಸುವುದು. ಮೂರನೇ ಸಲ ಆ ಬಾಯಿ ಮುಚ್ಚುವುದು. ಇದರ ದೊಡ್ಡ ದೋಷ, ಕೆಟ್ಟ ತುಂಡು ಅಷ್ಟು ದಿನ ಒಳಗೇ ಉಳಿದು ನಂಜು ಏರುತ್ತಿತ್ತು.

ಫ್ರಾನ್ಸಿನ ಹಾರ್ಟ್‌ಮನ್ 1921ರಲ್ಲಿ ಕ್ಯಾನ್ಸರಿಗೆಂದು ವಿವರಿಸಿದ ವಿಧಾನವೇ ಮುಂದೆ ಇಲ್ಲಿಗೂ ಬಂತು: ಮೊದಲ ಸಲವೇ ಕೆಟ್ಟ ತುಂಡು ತೆಗೆದು ಚೀಲ ಕಟ್ಟುವುದು, ಎರಡನೇ ಸಲ ಜೋಡಿಸುವುದು. ಜೀವವೇನೋ ಉಳಿಯಿತು. ಆದರೆ ಆ ಎರಡನೇ ಆಪರೇಷನ್ ಕಠಿಣ. ಎಷ್ಟೋ ಜನರಿಗೆ ಚೀಲ ಕಾಯಂ ಆಯಿತು. ಚೀಲದ ಅಂಜಿಕೆ ಬೆಳೆದದ್ದು ಹೀಗೆ.

ಈಗ ಸಣ್ಣ ರಂಧ್ರದ ಆಪರೇಷನ್ ಬಂದಿದೆ. ಕರುಳು ಒಡೆದಿದ್ದರೂ ರೋಗಿಯ ರಕ್ತದೊತ್ತಡ ನೆಟ್ಟಗಿದ್ದರೆ ಅದೇ ದಿನ ಜೋಡಿಸಬಹುದೆಂದು ಯುರೋಪಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆ ತೋರಿಸಿತು. ವರ್ಷದ ಕೊನೆಗೆ ಚೀಲವಿಲ್ಲದೆ ಬದುಕಿದವರು ಹೀಗೆ ಜೋಡಿಸಿಕೊಂಡವರಲ್ಲೇ ಹೆಚ್ಚು. ಕೀವು ಒಂದೇ ಕಡೆ ಕಟ್ಟಿದ್ದರೆ ಸ್ಕ್ಯಾನ್ ನೋಡುತ್ತ ಸೂಜಿ ಹಾಕಿ, ನಳಿಗೆಯಿಂದ ಹೊರತೆಗೆಯುತ್ತಾರೆ. ಹೊಟ್ಟೆಯನ್ನು ಬರೀ ತೊಳೆದು ಬಿಡುವ ಉಪಾಯಕ್ಕೆ ಬಹಳ ಹೆಸರು ಬಂದಿತ್ತು. 2015ರ ಪರೀಕ್ಷೆಗಳ ನಂತರ ಆ ಉತ್ಸಾಹ ತಗ್ಗಿತು.

ಎರಡು ಸಲ ಬೇನೆ ಬಂದರೆ ಕರುಳು ತೆಗೆಸಬೇಕೆಂಬ ಹಳೆಯ ನಿಯಮವನ್ನು ಅಮೆರಿಕದ ಸರ್ಜನ್ನರ ಸಂಘವೇ 2006ರಲ್ಲಿ ಕೈಬಿಟ್ಟಿತು. ಎಣಿಕೆಗಿಂತ ರೋಗಿಯ ಸ್ಥಿತಿ ನೋಡಬೇಕು ಎಂದಿತು. ಸಾದಾ ಬೇನೆ ಎಷ್ಟೋ ಸಲ ಔಷಧ, ಪಥ್ಯಕ್ಕೇ ಇಳಿಯುತ್ತದೆ. ಹಾಗಂತ ಹೊಟ್ಟೆ ಹಲಗೆಯಂತೆ ಬಿಗಿದರೆ ಮನೆಯಲ್ಲಿ ಕೂರಬಾರದು, ಆಗ ತಾಸು ತಾಸಿಗೂ ಬೆಲೆ.

ಜತ್ತ, ಅಕ್ಕಲಕೋಟದ ಕಡೆಯವರು ಇಂದು ಸೊಲ್ಲಾಪುರ, ನಾಳೆ ಮಿರಜ, ಮತ್ತೊಮ್ಮೆ ವಿಜಯಪುರ ಎಂದು ಆಸ್ಪತ್ರೆ ಬದಲಿಸುತ್ತಾರೆ. ಹಿಂದಿನ ಸ್ಕ್ಯಾನ್ ಫಿಲ್ಮು, ಕಾಗದ ಮರಾಠಿಯಲ್ಲಿರಲಿ ಇಂಗ್ಲಿಷಿನಲ್ಲಿರಲಿ, ಒಂದೇ ಚೀಲದಲ್ಲಿಟ್ಟು ಒಯ್ಯಿರಿ. ಕೊಯ್ಯಬೇಕೋ ಬಿಡಬೇಕೋ ಎಂದು ಸರ್ಜನ್ ತೀರ್ಮಾನಿಸುವಾಗ ಕೇಳುವುದು ಅವನ್ನೇ.