ಮಂಜಮ್ಮ ಜೋಗತಿಯನ್ನು ಕಾಣುವ ಕಣ್ಣು

2021ರ ನವೆಂಬರ್, ರಾಷ್ಟ್ರಪತಿ ಭವನ. ಪದ್ಮಶ್ರೀ ಪಡೆಯಲು ಬಂದ ಮಂಜಮ್ಮ ಜೋಗತಿ ಮೊದಲು ಸೆರಗು ಹಿಡಿದು ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ಸಭೆ ಚಪ್ಪಾಳೆ ತಟ್ಟಿತು.

ಬಳ್ಳಾರಿ ಸೀಮೆಯ ಈ ಕಲಾವಿದೆ ಹೊಟ್ಟೆಪಾಡಿಗೆ ಭಿಕ್ಷೆ ಬೇಡಿದವರು. ಯಲ್ಲಮ್ಮ ದೇವಿಗೆ ಮುಡಿಪಾದ ಜೋಗತಿಯರ ನೃತ್ಯವನ್ನು ಕಾಳವ್ವ ಜೋಗತಿಯಿಂದ ಕಲಿತರು: ತಲೆಯ ಮೇಲೆ ದೇವಿಯ ಕೊಡ, ಪಕ್ಕದಲ್ಲಿ ಚೌಡಿಕೆ ವಾದ್ಯದ ನಾದ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. ಆ ಕುರ್ಚಿಯಲ್ಲಿ ಕುಳಿತ ಮೊದಲ ಲಿಂಗತ್ವ ಅಲ್ಪಸಂಖ್ಯಾತೆ!

ಆದರೂ ಜಾತ್ರೆಯಲ್ಲಿ ಜೋಗತಿಗೆ ಕೈಮುಗಿಯುವ ಜನರೇ ಬಾಡಿಗೆ ಮನೆ ಕೊಡಲು ಹಿಂಜರಿಯುತ್ತಾರೆ. ಇದು ನೋಡುವವರ ಕಣ್ಣಿನ ದೋಷ.

ಕಾನೂನಿನ ಕಣ್ಣು ಮಾತ್ರ ತೆರೆದಿದೆ: ಗಂಡು, ಹೆಣ್ಣು ಎಂಬ ಎರಡೇ ಕಾಲಂ ಸಾಲದು, ತನ್ನ ಲಿಂಗ ಯಾವುದೆಂದು ಹೇಳುವ ಹಕ್ಕು ಆ ವ್ಯಕ್ತಿಯದೇ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ತೀರ್ಪಿತ್ತಿದೆ. 2021ರಲ್ಲಿ ಕರ್ನಾಟಕ, ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿ ಕೊಟ್ಟಿತು.