ಪುಣ್ಯದಿನಗಳೂ ದಿನಕ್ಕೊಂದು ಹಾಡೂ

ಪುರಂದರದಾಸರ ಪುಣ್ಯದಿನವು ಪುಷ್ಯ ಬಹುಳ ಅಮಾವಾಸ್ಯೆ; ತ್ಯಾಗರಾಜರದು ಅದೇ ಪಕ್ಷದ ಪಂಚಮಿ. ಇವು ಚಾಂದ್ರಮಾನದ ತಿಥಿಗಳಾದುದರಿಂದ ಇಂಗ್ಲಿಷ್ ತಾರೀಖು ವರ್ಷವರ್ಷವೂ ಬದಲಾಗುತ್ತದೆ. ಇತ್ತೀಚಿನ ಗಾಯಕರಿಗಾದರೋ ತಾರೀಖೇ ಆಧಾರ. ಗಂಗೂಬಾಯಿ ಹಾನಗಲ್ಲರು ಜನಿಸಿದುದು 1913ರ ಮಾರ್ಚ್ 5ರಂದು. ಭೀಮಸೇನ ಜೋಶಿಯವರು 1922ರ ಫೆಬ್ರವರಿ 4ರಂದು.

ಆ ದಿನ ಪಟಕ್ಕೆ ಹಾರ ಹಾಕಿದರೆ ಸಾಲದು. ಅವರ ಗಾನವನ್ನು ಕೇಳಬೇಕು. ನಮ್ಮ ವಯನಾಡಿನಲ್ಲಿ ಪೇಟೆಯ ಮಾತು ಮಲೆಯಾಳ. ಮನೆಮಾತಾದ ಕನ್ನಡವು ಮಕ್ಕಳ ನಾಲಗೆಯಿಂದ ಜಾರಿಹೋದೀತೆಂಬ ಭಯ ನಮಗುಂಟು. ಹಾಡಿನೊಡನೆ ಕಲಿತ ಪದವಾದರೋ ಬೇಗ ಮರೆಯದು.

ಇದರಿಂದ ನೆರೆಯವರು ದೂರವಾಗುವುದಿಲ್ಲ. ಕರ್ಣಾಟಕ ಸಂಗೀತದ ಮೊದಲ ಪಾಠವಾದ ಸರಳೆವರಸೆಗಳನ್ನು ಮಾಯಾಮಾಳವಗೌಳ ರಾಗದಲ್ಲಿ ಕ್ರಮಪಡಿಸಿದವರು ಪುರಂದರದಾಸರೆಂದು ಸಂಪ್ರದಾಯ ಹೇಳುತ್ತದೆ. ಸಂಗೀತ ಕಲಿಯುವ ಮಲೆಯಾಳಿ ಮಗುವಿಗೂ ಅವರೇ ಮೊದಲ ಗುರು.

ತಂದೆತಾಯಂದಿರು ರಾತ್ರಿ ಊಟಕ್ಕೆ ಮುನ್ನ ಹತ್ತು ನಿಮಿಷ ಮಕ್ಕಳೊಡನೆ ಕುಳಿತು ಒಂದು ಹಾಡು ಕೇಳಲಿ. ಒಂದು ದಿನ ದಾಸರ ಪದ, ಮರುದಿನ ಹಿಂದುಸ್ಥಾನಿ ಖಯಾಲು, ಮತ್ತೊಂದು ದಿನ ಭಾವಗೀತೆ, ಇನ್ನೊಂದು ದಿನ ಮಲೆಯಾಳದ ಹಾಡು. ನಮ್ಮ ಪಣಿಯರ ತುಡಿಯ ನಾದಕ್ಕೂ ಒಂದು ದಿನವಿರಲಿ. ಮಕ್ಕಳೇ, ಹಾಡಿನ ಹೆಸರನ್ನೂ ಅದರಲ್ಲಿ ದೊರೆತ ಒಂದು ಹೊಸ ಪದವನ್ನೂ ನೋಟುಪುಸ್ತಕದಲ್ಲಿ ಬರೆದಿಡಿರಿ. ವರ್ಷಾಂತ್ಯಕ್ಕೆ ಮುನ್ನೂರರವತ್ತೈದು ಪದಗಳು ನಿಮ್ಮವಾಗುವುವು.