ಶಾಖದ ದಾರಿ

ಬಿಡಿಭಾಗಗಳನ್ನು ತಂದು ಮನೆಯಲ್ಲಿಯೇ ಜೋಡಿಸಿದ ಕಂಪ್ಯೂಟರಿನಲ್ಲಿ ಆಟ ಆರಂಭವಾದ ಕೆಲವೇ ನಿಮಿಷಗಳಲ್ಲಿ ತೆರೆಯ ಮೇಲಿನ ಚಿತ್ರ ತಡವರಿಸತೊಡಗುವುದುಂಟು. ಪ್ರೊಸೆಸರ್ ಕೆಟ್ಟಿತೆಂದು ಬಗೆದು ಹೊಸದನ್ನು ಕೊಳ್ಳಲು ಹೊರಡುವವರೂ ಇದ್ದಾರೆ. ವಾಸ್ತವವಾಗಿ ಅದು ತನ್ನನ್ನು ತಾನು ಕಾಪಾಡಿಕೊಳ್ಳುತ್ತಿರುತ್ತದೆ. ಉಷ್ಣತೆಯು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದೊಡನೆ ಇಂದಿನ ಅನೇಕ ಪ್ರೊಸೆಸರ್‌ಗಳು ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ.

ದೊಡ್ಡ ಫ್ಯಾನ್ ತರುವುದು ಆತುರದ ಉಪಾಯ. ಎಷ್ಟೋ ವೇಳೆ ದೋಷವು ಅಡಗಿರುವುದು ಪ್ರೊಸೆಸರಿಗೂ ಅದರ ಮೇಲೆ ಕುಳಿತ ಲೋಹದ ಕೂಲರಿಗೂ ನಡುವೆ. ನೋಟಕ್ಕೆ ನುಣುಪಾದ ಆ ಎರಡು ಮೈಗಳಲ್ಲಿಯೂ ಕಣ್ಣಿಗೆ ಕಾಣದ ಉಬ್ಬುತಗ್ಗುಗಳಿವೆ. ತಗ್ಗುಗಳಲ್ಲಿ ಗಾಳಿ ಸೇರುತ್ತದೆ. ತಾಮ್ರವು ಗಾಳಿಗಿಂತ 10,000ಕ್ಕೂ ಮಿಕ್ಕಿದಷ್ಟು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸಬಲ್ಲುದು! ಕಂಬಳಿಯು ಬೆಚ್ಚಗಿರುವುದೂ ಎಳೆಗಳ ನಡುವೆ ಸಿಕ್ಕ ಗಾಳಿಯಿಂದಲೇ ಅಲ್ಲವೆ? ಈ ಗಾಳಿಯನ್ನು ಹೊರದೂಡಲೆಂದೇ ನಡುವೆ ಶಾಖವಾಹಕ ಲೇಪವನ್ನು ಹಚ್ಚುತ್ತಾರೆ. ವರ್ಷಗಳು ಕಳೆದಂತೆ ಅದು ಒಣಗುತ್ತದೆ.

ಆಗ ವಿದ್ಯುತ್ ಸಂಪರ್ಕವನ್ನು ತಪ್ಪಿಸಿ, ಕೂಲರನ್ನು ಮೆಲ್ಲನೆ ಅಲುಗಿಸಿ ಎತ್ತಿ, ಹಳೆಯ ಲೇಪವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಬೇಕು. ಹೊಸ ಲೇಪ ಬಟಾಣಿ ಕಾಳಿನಷ್ಟು ಸಾಕು. ತಿರುಪುಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪಸ್ವಲ್ಪವೇ ಬಿಗಿಯುತ್ತ ಹೋದರೆ ಒತ್ತಡವು ಸಮನಾಗುತ್ತದೆ.

ಹೊಸದಾಗಿ ಜೋಡಿಸಿದ ಯಂತ್ರವೇ ಕಾದರೆ ಕೂಲರಿನ ತಳವನ್ನು ಮೊದಲು ನೋಡುವುದು ಒಳ್ಳೆಯದು. ಅಲ್ಲಿ ಅಂಟಿಸಿದ ರಕ್ಷಣೆಯ ಪ್ಲಾಸ್ಟಿಕ್ ಹಾಳೆಯನ್ನು ಕೀಳಲು ಮರೆತು, ಹಾಗೆಯೇ ಬಿಗಿದವರು ಕಡಿಮೆಯೇನಲ್ಲ.